ತೊಟ್ಟಿಲ ಲೆಕ್ಕ, ತಪ್ಪಿದ ತೀರ್ಪು

ಕೆಲವು ತಿಂಗಳ ಹಿಂದೆ ಬಂಧುಗಳೊಬ್ಬರ ಮನೆಯ ಮದುವೆಯಲ್ಲಿ ಊಟಕ್ಕೆ ಕುಳಿತಿದ್ದೆ. ನನ್ನ ಎಡಗಡೆ ನಿವೃತ್ತ ಅಧಿಕಾರಿಗಳೊಬ್ಬರು, ಬಲಗಡೆ ವ್ಯಾಪಾರಸ್ಥರೊಬ್ಬರು. ಕೋಸಂಬರಿ ಬಡಿಸುವ ಹೊತ್ತಿಗೆ ಎಡಗಡೆಯವರು, “ಈ ದೇಶ ಕೆಟ್ಟಿರುವುದೇ ಜನಸಂಖ್ಯೆಯಿಂದ, ಎರಡಕ್ಕೆ ನಿಲ್ಲಿಸಬೇಕೆಂದು ಕಾನೂನು ಮಾಡಬೇಕು” ಎಂದರು. ಹೋಳಿಗೆ ಬರುವ ಹೊತ್ತಿಗೆ ಬಲಗಡೆಯವರು, “ನಮ್ಮವರು ಕಡಿಮೆಯಾಗುತ್ತಿದ್ದಾರೆ ಸ್ವಾಮಿ, ಇನ್ನು ಮನೆಗೆ ಮೂರಾದರೂ ಬೇಕು” ಎಂದರು. ಇವರಿಬ್ಬರಿಗೂ ಜಗಳ ಹತ್ತೀತೆಂದು ನಾನು ಕಾದೆ. ಹತ್ತಲಿಲ್ಲ. ಮಜ್ಜಿಗೆಯ ಹೊತ್ತಿಗೆ ಅವರು ಒಮ್ಮತಕ್ಕೆ ಬಂದಿದ್ದರು: ಹೆಚ್ಚಬಾರದವರು ಹೆಚ್ಚುತ್ತಿದ್ದಾರೆ, ಹೆಚ್ಚಬೇಕಾದವರು ಇಳಿಯುತ್ತಿದ್ದಾರೆ! ಇಬ್ಬರೂ ಆಧಾರವೆಂದು ಹೇಳಿದ್ದು ಪತ್ರಿಕೆಯಲ್ಲಿ ಓದಿದ ಅಂಕಿಗಳನ್ನೇ.

ಅಂದು ಬಾಯಿತುಂಬ ಹೋಳಿಗೆಯಿದ್ದುದರಿಂದ ನಾನು ಮಾತನಾಡಲಿಲ್ಲ. ಆ ಸಾಲವನ್ನು ಇಂದು ತೀರಿಸುತ್ತಿದ್ದೇನೆ. ನನ್ನ ವಾದ ಇಷ್ಟೆ: ಹೆರಿಗೆಯ ಅಂಕಿಗಳನ್ನು ಹೇಗೆ ಅಳೆಯುತ್ತಾರೆಂದು ತಿಳಿಯದವರು ಆ ಅಂಕಿಗಳ ಹೆಸರಿನಲ್ಲಿ ಪರರ ಮನೆಯ ತೊಟ್ಟಿಲಿಗೆ ತೀರ್ಪು ಕೊಡಕೂಡದು. ತಿಳಿದವರು ಕೊಡುವುದೂ ಇಲ್ಲ.

ಮೊದಲು ಒಂದು ಶಬ್ದದ ವಿಷಯ. ಪತ್ರಿಕೆಗಳಲ್ಲಿ ‘ಫಲವಂತಿಕೆ ಕುಸಿತ’ ಎಂಬ ಶೀರ್ಷಿಕೆ ಕಂಡೊಡನೆ ನಮ್ಮ ಓದುಗರಲ್ಲಿ ಅರ್ಧ ಜನ, ನಮ್ಮ ತರುಣರ ದೇಹಶಕ್ತಿಯೇ ಉಡುಗಿತೆಂದು ಭಾವಿಸುತ್ತಾರೆ. ಜನಸಂಖ್ಯಾಶಾಸ್ತ್ರದಲ್ಲಿ ಆ ಮಾತಿಗೆ ಅಂಥ ಅರ್ಥವಿಲ್ಲ. ಹೆರಬಲ್ಲ ಶಕ್ತಿ ಬೇರೆ, ವಾಸ್ತವವಾಗಿ ಹೆತ್ತ ಮಕ್ಕಳ ಎಣಿಕೆ ಬೇರೆ. ಶಾಸ್ತ್ರವು ಫಲವಂತಿಕೆಯೆಂದು ಅಳೆಯುವುದು ಎರಡನೆಯದನ್ನು. ಒಂದೇ ಮಗು ಸಾಕೆಂದು ದಂಪತಿಗಳು ಯೋಚಿಸಿ ನಿರ್ಧರಿಸಿದರೂ ಈ ಅಂಕಿ ಇಳಿಯುತ್ತದೆ. ಅದು ರೋಗದ ಸೂಚನೆಯಲ್ಲ. ಬಹುಪಾಲು ಸಂದರ್ಭಗಳಲ್ಲಿ ಇಚ್ಛೆಯ ಸೂಚನೆ.

ಇನ್ನು ಅಳತೆಯ ವಿಷಯ. ಎಲ್ಲಕ್ಕಿಂತ ಸುಲಭವಾದದ್ದು ಸ್ಥೂಲ ಜನನ ದರ: ಸಾವಿರ ಜನಕ್ಕೆ ವರ್ಷದಲ್ಲಿ ಎಷ್ಟು ಹೆರಿಗೆ? ಭಾಷಣಕಾರರಿಗೆ ಪ್ರಿಯವಾದ ಈ ಅಂಕಿಯಷ್ಟು ಮೋಸಗೊಳಿಸುವುದು ಇನ್ನೊಂದಿಲ್ಲ. ಬೆಂಗಳೂರಿನ ಹೊರವಲಯದ ಒಂದು ಹೊಸ ಬಡಾವಣೆಯನ್ನು ಕಲ್ಪಿಸಿಕೊಳ್ಳಿ. ಅಲ್ಲಿರುವವರೆಲ್ಲ ಹೊಸದಾಗಿ ಮದುವೆಯಾದವರು. ಮನೆಗೊಂದೇ ಮಗುವಾದರೂ ಸಾವಿರಕ್ಕೆ ಹೆರಿಗೆ ಬಹಳ. ತರುಣರೆಲ್ಲ ಪಟ್ಟಣ ಸೇರಿ ಮುದುಕರಷ್ಟೇ ಉಳಿದ ಮಲೆನಾಡಿನ ಹಳ್ಳಿಯೊಂದನ್ನು ಕಲ್ಪಿಸಿಕೊಳ್ಳಿ. ಅಲ್ಲಿಯ ಅಜ್ಜಿಯರು ಏಳೆಂಟು ಹೆತ್ತವರೇ ಆಗಿದ್ದರೂ ಈ ವರ್ಷದ ಜನನ ದರ ಸೊನ್ನೆಯ ಹತ್ತಿರ. ಸ್ಥೂಲ ದರವನ್ನು ನಂಬಿದರೆ ಬಡಾವಣೆಯವರು ಬಹುಸಂತಾನಿಗಳು, ಹಳ್ಳಿಯವರು ಮಿತಸಂತಾನಿಗಳು! ಎಲ್ಲಿ ಯಾವ ವಯಸ್ಸಿನವರು ಎಷ್ಟಿದ್ದಾರೆಂಬುದನ್ನು ಈ ದರ ಕೇಳುವುದೇ ಇಲ್ಲ.

ಆದ್ದರಿಂದ ಶಾಸ್ತ್ರಜ್ಞರು ಹದಿನೈದರಿಂದ ನಲವತ್ತೊಂಬತ್ತು ವರ್ಷದ ಸ್ತ್ರೀಯರನ್ನು ಐದೈದು ವರ್ಷಗಳ ಏಳು ಗುಂಪು ಮಾಡುತ್ತಾರೆ. ಪ್ರತಿ ಗುಂಪಿನಲ್ಲಿಯೂ ಸಾವಿರ ಸ್ತ್ರೀಯರಿಗೆ ವರ್ಷದಲ್ಲಿ ಎಷ್ಟು ಮಕ್ಕಳು ಹುಟ್ಟಿದರೆಂದು ಎಣಿಸುತ್ತಾರೆ. ಲೆಕ್ಕಕ್ಕೆಂದು ಒಂದು ಊರನ್ನು ನಾವೇ ಕಟ್ಟೋಣ. ಅಲ್ಲಿ ಕಿರಿಯ ಗುಂಪಿನಿಂದ ಆರಂಭಿಸಿ 40, 160, 120, 50, 20, 7, 3 ಎಂದು ಇಟ್ಟುಕೊಳ್ಳಿ. ಕೂಡಿದರೆ 400. ಪ್ರತಿ ಗುಂಪಿನಲ್ಲಿಯೂ ಹೆಣ್ಣು ಐದು ವರ್ಷ ಕಳೆಯುವಳಾದ್ದರಿಂದ ಐದರಿಂದ ಗುಣಿಸಿದರೆ 2000. ಇದು ಸಾವಿರ ಸ್ತ್ರೀಯರ ಮಾತು, ಒಬ್ಬಳಿಗೆ 2. ಇದೇ ಒಟ್ಟು ಫಲವಂತಿಕೆ ದರ. ಮಾರುಕಟ್ಟೆಯ ಲೆಕ್ಕ ಬಲ್ಲವರಾರೂ ಇದನ್ನು ಐದು ನಿಮಿಷದಲ್ಲಿ ಕಲಿತಾರು. ಆದರೂ ಕಲಿಯದೆಯೇ ವೇದಿಕೆ ಹತ್ತುವವರನ್ನು ನಾವು ಕಾಣುತ್ತಿದ್ದೇವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ 2 ಎಂಬುದು ಯಾವ ಹೆಣ್ಣಿನ ಬಾಳಿನ ಕಥೆಯೂ ಅಲ್ಲ. ಈ ಒಂದು ವರ್ಷದ ನಡೆ ಬದಲಾಗದೆ ಉಳಿದರೆ, ಒಬ್ಬಳು ಅದರಂತೆಯೇ ಮೂವತ್ತೈದು ವರ್ಷ ನಡೆದರೆ, ಆಗ ಅವಳಿಗೆ ಎಷ್ಟು ಮಕ್ಕಳಾದಾವೆಂಬ ಊಹೆ. ಜಪಾನಿನಲ್ಲಿ ಅರವತ್ತು ವರ್ಷಗಳಿಗೊಮ್ಮೆ ‘ಬೆಂಕಿಯ ಕುದುರೆ’ ಎಂಬ ಸಂವತ್ಸರ ಬರುತ್ತದೆ. ಆ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಕೇಡೆಂಬುದು ಅಲ್ಲಿಯ ನಂಬಿಕೆ. ನಮ್ಮಲ್ಲಿ ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗದೆಂದು ಜಾತಕ ಹಿಂದಿರುಗಿಸುವ ಮನೆಗಳಿಗೆ ಇದು ಚೆನ್ನಾಗಿಯೇ ಅರ್ಥವಾದೀತು. 1965ರಲ್ಲಿ ಅಲ್ಲಿ 2.14 ಇದ್ದ ದರ 1966ರ ಆ ಸಂವತ್ಸರದಲ್ಲಿ 1.58ಕ್ಕೆ ಬಿದ್ದಿತು, 1967ರಲ್ಲಿ 2.23ಕ್ಕೆ ಎದ್ದಿತು. ಜಪಾನಿನ ಹೆಣ್ಣುಮಕ್ಕಳ ದೇಹ ಒಂದು ವರ್ಷ ಸೋತು ಮರುವರ್ಷ ಚೇತರಿಸಿಕೊಂಡಿತೆ? ಇಲ್ಲ. ಅವರು ಮುಂದೂಡಿದರು, ಅಷ್ಟೆ. ಮದುವೆಯೂ ಮೊದಲ ಹೆರಿಗೆಯೂ ತಡವಾಗುತ್ತಿರುವ ಎಲ್ಲ ಸಮಾಜಗಳಲ್ಲಿಯೂ ವರ್ಷದ ಅಂಕಿ ಒಂದಿಷ್ಟು ತಗ್ಗಿ ಕಾಣುತ್ತದೆ. ಅದನ್ನು ಕಂಡು ‘ಕುಲ ಅಳಿಯಿತು’ ಎಂದು ಎದೆ ಬಡಿದುಕೊಳ್ಳುವುದು ಅವಸರದ ಕೆಲಸ.

ಈಗ ನನ್ನ ಎಡಗಡೆಯ ಮಹನೀಯರ ಬಳಿಗೆ ಬರೋಣ. ತಲೆಮಾರು ತಲೆಮಾರಿಗೆ ಜನಸಂಖ್ಯೆ ಸಮನಾಗಿ ಉಳಿಯಲು ಬೇಕಾದ ದರ ಸುಮಾರು 2.1. ತಂದೆತಾಯಿಗಳ ಸ್ಥಾನಕ್ಕೆ ಇಬ್ಬರು. ನೂರು ಹೆಣ್ಣುಮಕ್ಕಳಿಗೆ ಸುಮಾರು ನೂರೈದು ಗಂಡುಮಕ್ಕಳು ಹುಟ್ಟುವುದರಿಂದಲೂ, ತಾಯಾಗುವ ವಯಸ್ಸಿಗೆ ಮುನ್ನವೇ ಕೆಲವು ಹೆಣ್ಣುಮಕ್ಕಳು ತೀರಿಕೊಳ್ಳುವುದರಿಂದಲೂ ಆ ಸ್ವಲ್ಪ ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ದರ 1992–93ರಲ್ಲಿ 3.4 ಇತ್ತು, 2019–21ರಲ್ಲಿ 2.0. ಕರ್ನಾಟಕದ್ದು ಆಗ 1.7. ಅಂದರೆ ಇವರು ಯಾವ ಕಾನೂನನ್ನು ಕೇಳುತ್ತಿದ್ದರೋ ಅದರ ಕೆಲಸವನ್ನು ಕಾನೂನಿಲ್ಲದೆಯೇ ದೇಶದ ಹೆಣ್ಣುಮಕ್ಕಳು ಮುಗಿಸಿದ್ದರು.

“ಹಾಗಾದರೆ ಜನ ಇನ್ನೂ ಹೆಚ್ಚುತ್ತಿರುವುದೇಕೆ?” ಎಂದು ಅವರು ಕೇಳಿಯಾರು. ಸರಿಯಾದ ಪ್ರಶ್ನೆ. ಎಳೆಯುವವರು ಹಗ್ಗ ಬಿಟ್ಟ ಮೇಲೂ ತೇರು ನಾಲ್ಕು ಮಾರು ಉರುಳುತ್ತದೆ. ಹಿಂದಿನ ದಶಕಗಳಲ್ಲಿ ಹುಟ್ಟಿದ ದೊಡ್ಡ ಸಮೂಹ ಈಗ ತಂದೆತಾಯಿಗಳ ವಯಸ್ಸಿಗೆ ಬಂದಿದೆ. ಒಬ್ಬೊಬ್ಬರಿಗೆ ಎರಡೇ ಆದರೂ ಒಟ್ಟು ಮೊತ್ತ ದೊಡ್ಡದು. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ಭಾರತದ ಜನಸಂಖ್ಯೆ 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿ ಮುಟ್ಟಿ ಅನಂತರ ಇಳಿಯತೊಡಗುತ್ತದೆ. ಉರುಳುವ ತೇರಿನ ಮೇಲೆ ಸಿಟ್ಟಾಗಿ ಇಂದಿನ ಬಾಣಂತಿಗೆ ದಂಡ ವಿಧಿಸಿದರೆ ಪ್ರಯೋಜನವೇನು?

ಬಲಗಡೆಯವರ ಅಂಕಿ ಇದಕ್ಕಿಂತ ಅಪಾಯಕರವಾದದ್ದು, ಏಕೆಂದರೆ ಅದರೊಳಗೆ ‘ಅವರು’ ಎಂಬ ಒಂದು ಮಾತಿದೆ. ಅದೇ ಸಮೀಕ್ಷೆಯನ್ನೇ ನೋಡೋಣ. 1992–93ರಲ್ಲಿ ಹಿಂದೂ ಸ್ತ್ರೀಯರ ದರ 3.3, ಮುಸ್ಲಿಂ ಸ್ತ್ರೀಯರದು 4.4. 2019–21ರಲ್ಲಿ ಹಿಂದೂ 1.94, ಮುಸ್ಲಿಂ 2.36. ಇಬ್ಬರದೂ ಇಳಿದಿದೆ, ‘ಅವರದು’ ಹೆಚ್ಚು ವೇಗವಾಗಿ ಇಳಿದಿದೆ. ಕೇರಳದ ಮುಸ್ಲಿಂ ಸ್ತ್ರೀಯರ ದರ ಬಿಹಾರದ ಹಿಂದೂ ಸ್ತ್ರೀಯರ ದರಕ್ಕಿಂತ ಕಡಿಮೆ. ಶಾಲೆಯನ್ನೇ ಕಾಣದ ಸ್ತ್ರೀಯರಲ್ಲಿ 2.8, ಹನ್ನೆರಡು ವರ್ಷ ಮತ್ತು ಹೆಚ್ಚು ಓದಿದವರಲ್ಲಿ 1.8. ಹಾಗಿರುವಾಗ ವ್ಯತ್ಯಾಸದ ಕಾರಣವನ್ನು ಗುಡಿ ಮಸೀದಿಗಳಲ್ಲಿ ಹುಡುಕಬೇಕೋ, ಹುಡುಗಿಯರ ಶಾಲೆಯ ಹಾಜರಿ ಪುಸ್ತಕದಲ್ಲಿ ಹುಡುಕಬೇಕೋ, ವಾಚಕರೇ ಹೇಳಲಿ.

ಇದು ಬರಿಯ ಊಟದ ಪಂಕ್ತಿಯ ಹರಟೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸರ್ಕಾರಗಳು ಈ ಹರಟೆಯನ್ನು ನಂಬಿ ನಡೆದಾಗ ಏನಾಗುವುದೆಂದು ಇತಿಹಾಸದಲ್ಲಿದೆ. ತುರ್ತು ಪರಿಸ್ಥಿತಿಯ 1976–77ರ ಒಂದೇ ಸಾಲಿನಲ್ಲಿ ನಮ್ಮ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಬಹುಪಾಲು ಗಂಡಸರಿಗೆ. ಗಂಡಸರು ಸಿಟ್ಟಿಗೆದ್ದರು, ಸರ್ಕಾರ ಉರುಳಿತು. ಅಂದಿನಿಂದ ಶಸ್ತ್ರ ಹೆಂಗಸರ ಕಡೆಗೆ ತಿರುಗಿತು. 2019–21ರ ಸಮೀಕ್ಷೆಯಲ್ಲಿ ವಿವಾಹಿತ ಸ್ತ್ರೀಯರಲ್ಲಿ ಶೇಕಡಾ 37.9ರಷ್ಟು ಮಂದಿ ತಾವೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಂದಿರು ಮಾಡಿಸಿಕೊಂಡದ್ದು ಶೇಕಡಾ 0.3! 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಶಿಬಿರದ ಶಸ್ತ್ರಚಿಕಿತ್ಸೆಗಳ ನಂತರ ಹತ್ತಕ್ಕೂ ಹೆಚ್ಚು ಸ್ತ್ರೀಯರು ಪ್ರಾಣ ಬಿಟ್ಟರು.

ಹೆಚ್ಚು ಹೆರಿ ಎಂಬ ಬಲಾತ್ಕಾರವೂ ಇದಕ್ಕಿಂತ ಕರುಣಾಳುವಲ್ಲ. ಜಪಾನಿನಲ್ಲಿ ಬೆಂಕಿಯ ಕುದುರೆ ಓಡಿದ ಅದೇ 1966ರಲ್ಲಿ ರುಮೇನಿಯದ ಸರ್ವಾಧಿಕಾರಿ ಚಾಸೆಸ್ಕು ಗರ್ಭಪಾತವನ್ನು ನಿಷೇಧಿಸಿದ. ದರ 1.9ರಿಂದ ಮರುವರ್ಷ 3.7ಕ್ಕೆ ನೆಗೆಯಿತು. ಅವನು ಹಿಗ್ಗಿರಬೇಕು. ಆದರೆ ಕೆಲವೇ ವರ್ಷಗಳಲ್ಲಿ ದರ ಮತ್ತೆ ಇಳಿಯಿತು. ಉಳಿದದ್ದು ಕದ್ದುಮುಚ್ಚಿ ಮಾಡಿಸಿಕೊಂಡ ಗರ್ಭಪಾತಗಳಲ್ಲಿ ಸತ್ತ ಸಾವಿರಾರು ತಾಯಂದಿರ ಲೆಕ್ಕ, ಅನಾಥಾಲಯಗಳಲ್ಲಿ ತುಂಬಿದ ಮಕ್ಕಳ ಲೆಕ್ಕ.

ನೆರೆಯ ಆಂಧ್ರದಲ್ಲಿ 1994ರ ಶಾಸನ, ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ ಚುನಾವಣೆಗೆ ನಿಲ್ಲಬಾರದೆಂದಿತು. 2024ರ ನವೆಂಬರಿನಲ್ಲಿ ಅಲ್ಲಿಯ ವಿಧಾನಸಭೆ ಆ ನಿರ್ಬಂಧವನ್ನು ತೆಗೆದುಹಾಕಿತು. ತೆಗೆದುಹಾಕಿದ್ದು ಸರಿಯೇ. ಆದರೆ ಅದರ ಜೊತೆಯಲ್ಲಿ ‘ಹೆಚ್ಚು ಹೆರಿ’ ಎಂಬ ಉಪದೇಶವೂ ಕೇಳಿಬಂದಿತಷ್ಟೆ! ನಿನ್ನೆ ಬೇಡವೆಂದ ಬಾಯಿಯೇ ಇಂದು ಬೇಕೆಂದರೆ ಹೆಣ್ಣು ಯಾವ ಆಜ್ಞೆಯನ್ನು ಕೇಳಬೇಕು?

ದಕ್ಷಿಣದವರ ಆತಂಕವೂ ಸುಳ್ಳಲ್ಲವೆಂದು ನಾನು ಒಪ್ಪುತ್ತೇನೆ. ರಾಜ್ಯಗಳ ಲೋಕಸಭಾ ಸ್ಥಾನಗಳನ್ನು 1971ರ ಜನಗಣತಿಗೆ ಕಟ್ಟಿಹಾಕಿದ್ದು 1976ರ ಸಂವಿಧಾನ ತಿದ್ದುಪಡಿ. 2001ರಲ್ಲಿ ಆ ಕಟ್ಟನ್ನು 2026ರ ತನಕ ಮುಂದುವರಿಸಿದರು. ಮಿತವಾಗಿ ಹೆತ್ತ ರಾಜ್ಯಗಳು ಅದಕ್ಕಾಗಿ ದನಿ ಕಳೆದುಕೊಳ್ಳುವುದು ಅನ್ಯಾಯವೇ ಸರಿ. ಆ ಅನ್ಯಾಯವನ್ನು ಸರಿಪಡಿಸಬೇಕಾದ ಸ್ಥಳ ಸಂಸತ್ತು, ಹೆರಿಗೆ ಆಸ್ಪತ್ರೆಯಲ್ಲ. ಇಂದು ಹುಟ್ಟಿದ ಕೂಸು ಮತದಾನ ಮಾಡುವುದು ಹದಿನೆಂಟು ವರ್ಷದ ಮೇಲೆ. ಹತ್ತಿರದ ರಾಜಕೀಯ ಜಗಳಕ್ಕೆ ಕೂಸನ್ನು ಸಾಕ್ಷಿಯಾಗಿ ಕರೆಯುವುದು ಹಾಸ್ಯಾಸ್ಪದ.

“ಹಾಗಾದರೆ ಸರ್ಕಾರ ಸುಮ್ಮನಿರಬೇಕೆ?” ಇರಬೇಕಾಗಿಲ್ಲ. ನಮ್ಮ ನಾಡಿನ ಹಳೆಯ ದಾರಿಯೇ ಇದೆ. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಸಲಹಾ ಚಿಕಿತ್ಸಾಲಯಗಳನ್ನು ತೆರೆಯಲು ಒಪ್ಪಿತು. ಬಂದವರಿಗೆ ಸಲಹೆ, ಬಾರದವರಿಗೆ ಬಲವಂತವಿಲ್ಲ. 1951–52ರಲ್ಲಿ ವಿಶ್ವಸಂಸ್ಥೆಯ ಸಹಯೋಗದೊಡನೆ ನಡೆದ ಮೈಸೂರು ಜನಸಂಖ್ಯಾ ಅಧ್ಯಯನಕ್ಕೆ ಬಂದವರು ಮನೆಮನೆಗೆ ಹೋಗಿ ಜನರನ್ನೇ ಕೇಳಿದರು. ಕೇಳಿ ಎಣಿಸುವುದೇ ಈ ಶಾಸ್ತ್ರದ ಸಭ್ಯತೆ. ಹೆಚ್ಚು ಬೇಡವೆಂಬವಳಿಗೆ ಸುರಕ್ಷಿತವಾದ ಉಪಾಯ ಸಿಗಲಿ, ಗಂಡನೂ ಅದರ ಹೊಣೆ ಹೊರಲಿ. ಬೇಕೆಂಬವಳಿಗೆ ಹೆರಿಗೆ ರಜೆ, ಕೂಸನ್ನು ಬಿಡಲು ಶಿಶುವಿಹಾರ, ಮರಳಿದಾಗ ಅದೇ ಕೆಲಸ ಸಿಗಲಿ. ಇವುಗಳಿಗೆ ಹಣ ಬೇಕು, ಉಪದೇಶಕ್ಕೆ ಬೇಡ. ಉಪದೇಶ ಅಗ್ಗವಾದ್ದರಿಂದಲೇ ಹೇರಳವಾಗಿದೆ.

ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ‘ಮಕ್ಕಳೆಷ್ಟು ಅಮ್ಮಾ?’ ಎಂದು ಯಾರು ಕೇಳಿದರೂ ಅವಳದು ಒಂದೇ ಉತ್ತರ: “ಹೆತ್ತದ್ದು ಒಂಬತ್ತು, ಉಳಿದದ್ದು ಐದು.” ಸಮೀಕ್ಷೆಯವರು ಇಂದಿಗೂ ತಾಯಂದಿರನ್ನು ಕೇಳುವುದು ಈ ಎರಡು ಲೆಕ್ಕಗಳನ್ನೇ: ಹುಟ್ಟಿದವರೆಷ್ಟು, ಬದುಕಿರುವವರೆಷ್ಟು. ಆ ನಾಲ್ವರ ಸಾವೇ ಒಂಬತ್ತು ಹೆರಿಗೆಗಳ ಕಾರಣವೆಂದು ಅವಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಹುಟ್ಟಿದ ಮಕ್ಕಳು ಉಳಿಯುವರೆಂಬ ಧೈರ್ಯ ಬಂದಾಗ ಅವಳ ಸೊಸೆಯರು ಮೂರಕ್ಕೆ ನಿಂತರು, ಮೊಮ್ಮಗಳು ಒಂದಕ್ಕೆ ನಿಂತಳು. ಯಾವ ಶಾಸನವೂ ಅವರನ್ನು ನಿಲ್ಲಿಸಲಿಲ್ಲ.

ಇನ್ನೊಂದು ಮದುವೆಯಲ್ಲಿ ಆ ಮಹನೀಯರಿಬ್ಬರೂ ನನ್ನ ಅಕ್ಕಪಕ್ಕದಲ್ಲಿ ಕುಳಿತರೆ ನಾನು ಒಂದೇ ಮಾತು ಕೇಳಬೇಕೆಂದಿದ್ದೇನೆ: “ಸ್ವಾಮಿ, ಎರಡೋ ಮೂರೋ ಎಂದು ತಮ್ಮ ಮನೆಯಲ್ಲಿ ಹೆರಬೇಕಾದವರನ್ನು ಕೇಳಿದ್ದೀರಾ?” ಈ ಸಲ ಹೋಳಿಗೆ ಬರುವುದಕ್ಕೆ ಮುಂಚೆಯೇ ಕೇಳುತ್ತೇನೆ.