ಒಂದೇ ಒಂದು ಅಳತೆ ಬದಲಿಸಿದರೆ ಇಡೀ ಡಿಸೈನ್ ಏಕೆ ಕೆಡುತ್ತದೆ?

"ಫೈಲ್ ಡೌನ್‌ಲೋಡ್ ಮಾಡಿ, ನಿಮ್ಮ ಫೋನಿನ ಅಳತೆ ಹಾಕಿ, ಪ್ರಿಂಟ್ ಕೊಡಿ. ಅಷ್ಟೇ!" 3ಡಿ ಪ್ರಿಂಟಿಂಗ್ ಬಗ್ಗೆ ಇಂಥ ಮಾತನ್ನು ನೀವೂ ಕೇಳಿರಬಹುದು. ಆದರೆ ಸ್ಕೂಟರಿಗೆ ಹಾಕುವ ಮೊಬೈಲ್ ಹೋಲ್ಡರಿನ ಫೈಲ್ ತೆರೆದು ಅಗಲವನ್ನು ಬದಲಿಸಿದ ತಕ್ಷಣ ರಂಧ್ರ ಎಲ್ಲೋ ಹೋಗಿ ಕೂರುತ್ತದೆ, ಮೂಲೆ ತಲೆಕೆಳಗಾಗುತ್ತದೆ, ಪರದೆಯ ಮೇಲೆ ಕೆಂಪು ಅಕ್ಷರದ ಎಚ್ಚರಿಕೆ ಬರುತ್ತದೆ. "ಸಾಫ್ಟ್‌ವೇರ್ ಸರಿಯಿಲ್ಲ" ಎಂದು ಬೈಯುವುದು ಸುಲಭ. ನಿಜವಾಗಿ ಅಲ್ಲಿ ಆಗುವುದೇನು?

ಚಿತ್ರವಲ್ಲ, ನಿಯಮಗಳ ಕಟ್ಟು

ಕಾಗದದ ಮೇಲೆ ಗೆರೆ ಎಳೆದರೆ ಅದು ಬರೀ ಗೆರೆ. ಪ್ಯಾರಾಮೆಟ್ರಿಕ್ ಕ್ಯಾಡ್‌ನಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಗೆರೆಯ ಜೊತೆ ನಿಯಮಗಳೂ ಇರುತ್ತವೆ: ಈ ಗೆರೆ ಅಡ್ಡಲಾಗಿಯೇ ಇರಬೇಕು, ಆ ಎರಡು ಗೆರೆಗಳು ಸಮಾನಾಂತರವಾಗಿರಬೇಕು, ಈ ವೃತ್ತ ಅಂಚಿನಿಂದ 10 ಮಿ.ಮೀ. ದೂರದಲ್ಲಿರಬೇಕು. ಈ ನಿಯಮಗಳನ್ನೇ ಕನ್‌ಸ್ಟ್ರೇಂಟ್ ಅಥವಾ ನಿರ್ಬಂಧ ಎನ್ನುತ್ತಾರೆ. ಈ ಯೋಚನೆ ಹೊಸದೇನಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ತಮ್ಮ ಪಿಎಚ್‌ಡಿಗಾಗಿ ರೂಪಿಸಿದ 'ಸ್ಕೆಚ್‌ಪ್ಯಾಡ್' ತಂತ್ರಾಂಶದಲ್ಲೇ ಗೆರೆಗಳಿಗೆ ಹೀಗೆ ನಿಯಮ ಹಾಕಬಹುದಿತ್ತು.

ನೀವು ಅಳತೆ ಬದಲಿಸಿದಾಗ ಕಂಪ್ಯೂಟರ್ ಚಿತ್ರವನ್ನು ಎಳೆದು ಹಿಗ್ಗಿಸುವುದಿಲ್ಲ. ಎಲ್ಲ ನಿಯಮಗಳಿಗೂ ಒಪ್ಪುವ ಹೊಸ ಉತ್ತರವನ್ನು ಲೆಕ್ಕ ಹಾಕಿ ಹುಡುಕುತ್ತದೆ. ನಿಯಮದಲ್ಲಿ ಲೋಪವಿದ್ದರೆ ಉತ್ತರದಲ್ಲೂ ಲೋಪ.

ನಿಯಮ ಕಡಿಮೆಯಾದರೆ

ನಾಲ್ಕು ಕೋಲುಗಳನ್ನು ಮೂಲೆಗೊಂದು ಮೊಳೆ ಹೊಡೆದು ಚೌಕಟ್ಟು ಮಾಡಿ ನೋಡಿ. ಕೈಯಲ್ಲಿ ಹಿಡಿದರೆ ಅದು ಅತ್ತಿತ್ತ ವಾಲುತ್ತದೆ. ಕ್ಯಾಡ್‌ನ ಆಯತವೂ ಹೀಗೆಯೇ.

ಲೆಕ್ಕ ಸರಳ. ಒಂದು ಗೆರೆಗೆ ಎರಡು ತುದಿ, ಪ್ರತಿ ತುದಿಯೂ ಅಡ್ಡ ಮತ್ತು ಉದ್ದ ಎರಡು ದಿಕ್ಕಿನಲ್ಲಿ ಸರಿಯಬಹುದು. ಅಂದರೆ ನಾಲ್ಕು ಗೆರೆಗೆ ಒಟ್ಟು 16 ರೀತಿಯ ಸ್ವಾತಂತ್ರ್ಯ. ನಾಲ್ಕು ಮೂಲೆಗಳನ್ನು ಕೂಡಿಸಿದರೆ 8 ಹೋಗುತ್ತವೆ. ಎರಡು ಗೆರೆ ಅಡ್ಡ, ಎರಡು ಗೆರೆ ನೇರ ಎಂದರೆ ಇನ್ನೂ 4 ಹೋಗುತ್ತವೆ. ಉಳಿದ 4 ಎಂದರೆ ಅಗಲ, ಎತ್ತರ ಮತ್ತು ಆಯತ ಎಲ್ಲಿದೆ ಎಂಬುದಕ್ಕೆ ಎರಡು. ಇವನ್ನೂ ಹೇಳಿದರೆ ಮಾತ್ರ ಸ್ಕೆಚ್ ಪೂರ್ತಿ ಬಿಗಿಯಾಗುತ್ತದೆ. ಆಗ ಫ್ರೀಕ್ಯಾಡ್‌ನಲ್ಲಿ ಗೆರೆಗಳು ಹಸಿರಾಗುತ್ತವೆ, ಸಾಲಿಡ್‌ವರ್ಕ್ಸ್‌ನಲ್ಲಿ ಕಪ್ಪಾಗುತ್ತವೆ. ಒಂದನ್ನು ಮರೆತರೂ, ಅಳತೆ ಬದಲಿಸಿದಾಗ ಬಿಗಿಯಿಲ್ಲದ ಭಾಗ ತನಗೆ ಬೇಕಾದ ಕಡೆ ಸರಿಯಬಹುದು.

ನಿಯಮ ಹೆಚ್ಚಾದರೂ ಕಷ್ಟ

"ಹಾಗಾದರೆ ಎಲ್ಲ ಕಡೆಯೂ ಅಳತೆ ಹಾಕಿಬಿಡೋಣ" ಎನ್ನಬೇಡಿ. ಆಯತದ ಮೇಲಿನ ಬದಿ 60, ಕೆಳಗಿನ ಬದಿಯೂ 60 ಎಂದು ಎರಡು ಸಲ ಹೇಳಿದರೆ ಎರಡನೆಯದು ಅನಗತ್ಯ. ಮುಂದೆ ಒಂದನ್ನು ಮಾತ್ರ 80 ಮಾಡಿದರೆ ಎರಡು ನಿಯಮಗಳಿಗೂ ಜಗಳ. ಇಬ್ಬರು ಯಜಮಾನರ ಮಾತು ಬೇರೆಬೇರೆಯಾದರೆ ಕೆಲಸದವನು ಏನು ಮಾಡಬೇಕು? ಸಾಫ್ಟ್‌ವೇರ್ ಕೈಚೆಲ್ಲಿ ಎಚ್ಚರಿಕೆ ಕೊಡುತ್ತದೆ. ಅಳತೆ ಕಣ್ಣಿಗೆ ಕಾಣಬೇಕು ಅಷ್ಟೇ ಎಂದಿದ್ದರೆ, ಆಕಾರವನ್ನು ಕಟ್ಟಿಹಾಕದ 'ರೆಫರೆನ್ಸ್' ಅಳತೆಯಾಗಿ ಅದನ್ನು ಬದಲಿಸಿ.

ಹಸಿರಾದರೆ ಸರಿ ಎಂಬುದೂ ತಪ್ಪು

60 ಮಿ.ಮೀ. ಅಗಲದ ಪಟ್ಟಿಯಲ್ಲಿ ಎರಡು ಸ್ಕ್ರೂ ರಂಧ್ರಗಳಿವೆ ಎಂದುಕೊಳ್ಳಿ. ಎಡ ಅಂಚಿನಿಂದ ಒಂದು 10 ಮಿ.ಮೀ. ದೂರದಲ್ಲಿ, ಇನ್ನೊಂದು 50 ಮಿ.ಮೀ. ದೂರದಲ್ಲಿ. ಎಲ್ಲ ಹಸಿರು. ಈಗ ಅಗಲವನ್ನು 100 ಮಾಡಿ. ಎರಡನೇ ರಂಧ್ರ ಬಲ ಅಂಚಿಗೆ ಹೋಗದೆ ಪಟ್ಟಿಯ ನಟ್ಟನಡುವೆ ನಿಲ್ಲುತ್ತದೆ. 45ಕ್ಕೆ ಇಳಿಸಿದರೆ ರಂಧ್ರ ಪಟ್ಟಿಯ ಹೊರಗೇ ಇರುತ್ತದೆ! ಕಂಪ್ಯೂಟರ್ ನೀವು ಹೇಳಿದ್ದನ್ನೇ ಮಾಡಿದೆ. ನಿಮ್ಮ ಮನಸ್ಸಿನಲ್ಲಿದ್ದದ್ದು "ಎರಡೂ ಅಂಚಿನಿಂದ 10" ಎಂದು. ಹಾಗಿದ್ದರೆ ಎರಡನೇ ರಂಧ್ರವನ್ನು ಬಲ ಅಂಚಿನಿಂದ ಅಳೆಯಬೇಕಿತ್ತು, ಅಥವಾ ರಂಧ್ರಗಳ ನಡುವಿನ ಅಂತರ 'ಅಗಲದಲ್ಲಿ 20 ಕಳೆ' ಎಂಬ ಸೂತ್ರ ಕೊಡಬೇಕಿತ್ತು.

ಹಾಗಾದರೆ ಶೇಕಡಾ ಲೆಕ್ಕದಲ್ಲಿ ಹಿಗ್ಗಿಸಬಹುದಲ್ಲ?

ಪ್ರಿಂಟ್ ಮಾಡುವ ಮುನ್ನ ಇಡೀ ಮಾದರಿಯನ್ನು ಶೇ. 80ಕ್ಕೆ ಕುಗ್ಗಿಸುವ ದಾರಿಯೂ ಇದೆ. ಆದರೆ ಆಗ ಎಲ್ಲವೂ ಕುಗ್ಗುತ್ತದೆ. 3 ಮಿ.ಮೀ. ರಂಧ್ರ 2.4 ಆಗುತ್ತದೆ, ಸ್ಕ್ರೂ ಒಳಗೆ ಹೋಗುವುದಿಲ್ಲ. 2 ಮಿ.ಮೀ. ಗೋಡೆ 1.6 ಆಗಿ ಗಟ್ಟಿತನ ಕಡಿಮೆಯಾಗುತ್ತದೆ. ದರ್ಜಿ ದೊಡ್ಡವರಿಗೆ ಅಂಗಿ ಹೊಲಿಯುವಾಗ ಎದೆಯ ಸುತ್ತಳತೆ ಹೆಚ್ಚಿಸುತ್ತಾರೆ, ಕಾಜದ ಅಳತೆಯನ್ನಲ್ಲ. ಗುಂಡಿ ಅದೇ ತಾನೇ?

ಇದು ಹೋಲ್ಡರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಇ-ನೇಬಲ್ ಎಂಬ ಸ್ವಯಂಸೇವಕರ ಜಾಲ ಮಕ್ಕಳಿಗೆ 3ಡಿ ಪ್ರಿಂಟ್ ಮಾಡಿದ ಕೃತಕ ಕೈಗಳನ್ನು ಒದಗಿಸುತ್ತದೆ. ಪ್ರತಿ ಮಗುವಿನ ಅಳತೆಯೂ ಬೇರೆ. ಕೈ ಚಿಕ್ಕದಾಗಬಹುದು, ಆದರೆ ಅಂಗಡಿಯಲ್ಲಿ ಸಿಗುವ ಸ್ಕ್ರೂ ಚಿಕ್ಕದಾಗುವುದಿಲ್ಲ. ಯಾವುದು ಬದಲಾಗಬೇಕು, ಯಾವುದು ಬದಲಾಗಬಾರದು ಎಂಬುದನ್ನು ಮನುಷ್ಯರೇ ನಿರ್ಧರಿಸಬೇಕು.

ಕೆಟ್ಟಾಗ ಸರಿಪಡಿಸುವುದು ಹೇಗೆ?

1. ಮೊದಲು ಫೈಲಿನ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

2. ಸ್ಕೆಚ್ ತೆರೆದು ಗೆರೆಗಳನ್ನು, ಬಿಂದುಗಳನ್ನು ಮೌಸ್‌ನಿಂದ ಎಳೆದು ನೋಡಿ. ಅಲುಗಾಡಿದ್ದು ಇನ್ನೂ ಬಿಗಿಯಾಗಿಲ್ಲ.

3. ಎಚ್ಚರಿಕೆ ಬಂದರೆ ಕೊನೆಗೆ ಹಾಕಿದ ನಿಯಮವನ್ನು ತೆಗೆದು ನೋಡಿ. ಒಂದೇ ಮಾತನ್ನು ಎರಡು ಸಲ ಹೇಳಿದ್ದೀರಾ ಎಂದು ಪರಿಶೀಲಿಸಿ.

4. 60ರಿಂದ ನೇರವಾಗಿ 150ಕ್ಕೆ ಹಾರಬೇಡಿ. 70, 80, 90 ಎಂದು ಹಂತಹಂತವಾಗಿ ಹೋಗಿ. ಸಾಫ್ಟ್‌ವೇರ್ ಸಾಮಾನ್ಯವಾಗಿ ಈಗಿನ ಆಕಾರದಿಂದಲೇ ಹುಡುಕಾಟ ಶುರು ಮಾಡುತ್ತದೆ. ಜಿಗಿತ ದೊಡ್ಡದಾದರೆ ಗೆರೆ ಇನ್ನೊಂದು ಬದಿಗೆ ಮಗುಚಿಕೊಳ್ಳಬಹುದು.

5. ಮೂಲೆಯ ದುಂಡುತನ ನೋಡಿ. 10 ಮಿ.ಮೀ. ತ್ರಿಜ್ಯದ ಎರಡು ಮೂಲೆಗಳಿಗೆ ಕನಿಷ್ಠ 20 ಮಿ.ಮೀ. ಜಾಗ ಬೇಕು. ಎತ್ತರವನ್ನು 15ಕ್ಕೆ ಇಳಿಸಿದರೆ ಅವು ಹಿಡಿಸುವುದಿಲ್ಲ.

6. ಪಟ್ಟಿಯಲ್ಲಿ ಹತ್ತು ಕೆಂಪು ಗುರುತು ಕಂಡರೆ ಗಾಬರಿ ಬೇಡ. ಎಲ್ಲಕ್ಕಿಂತ ಮೇಲಿನದನ್ನು ಮೊದಲು ಸರಿಪಡಿಸಿ. ಕೆಳಗಿನ ಹಲವು ತಾವೇ ಸರಿಹೋಗಬಹುದು.

7. ಕೊನೆಗೆ ಅತಿ ಚಿಕ್ಕ ಮತ್ತು ಅತಿ ದೊಡ್ಡ ಅಳತೆ ಹಾಕಿ ಪರೀಕ್ಷಿಸಿ.

ಹಾಗೆಂದು ಎಲ್ಲ ತಪ್ಪೂ ನಿಮ್ಮದೇ ಅಲ್ಲ. ಅಳತೆ ಬದಲಾದಾಗ ಅಂಚುಗಳ ಆಂತರಿಕ ಹೆಸರು ಅದಲುಬದಲಾಗಿ ಡಿಸೈನ್ ಒಡೆಯುವ ತೊಂದರೆ ಫ್ರೀಕ್ಯಾಡ್‌ನಲ್ಲಿ ಬಹಳ ಕಾಲ ಇತ್ತು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಅದನ್ನು ಸಾಕಷ್ಟು ಕಡಿಮೆ ಮಾಡಿದ್ದಾರೆ.

ಮುಂದೆ ಯಾರಾದರೂ "ಅಳತೆ ಬದಲಿಸಿ, ಪ್ರಿಂಟ್ ಕೊಡಿ" ಎಂದು ಫೈಲ್ ಕಳಿಸಿದರೆ, ಮೊದಲು ಅಗಲವನ್ನು ಸ್ವಲ್ಪ ಹೆಚ್ಚಿಸಿ ರಂಧ್ರಗಳು ಎಲ್ಲಿಗೆ ಹೋದವು ಎಂದು ನೋಡಿ. ಓಡುವ ಸ್ಕೂಟರಿನಿಂದ ಫೋನ್ ಬಿದ್ದ ಮೇಲೆ ನೋಡುವುದಕ್ಕಿಂತ ಪರದೆಯ ಮೇಲೆ ನೋಡುವುದು ಅಗ್ಗ.