ವಿದೇಶಗಳಲ್ಲಿ ವಲಸೆ ಬಂಧನಕ್ಕೊಳಗಾದ ಭಾರತೀಯರಿಗೆ ಪ್ರತ್ಯೇಕ ನೆರವಿನ ವ್ಯವಸ್ಥೆ ಕೋರಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ವಿದೇಶಾಂಗ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ, ನವದೆಹಲಿ

ವಿಷಯ: ಅಪರಾಧ ಪ್ರಕರಣದ ಬಂಧನ ಮತ್ತು ವಲಸೆ ಬಂಧನಗಳನ್ನು ಬೇರೆ ಬೇರೆಯಾಗಿ ಪರಿಗಣಿಸುವ ಬಗ್ಗೆ.

ಮಾನ್ಯರೇ,

ಪರದೇಶದಲ್ಲಿ ಭಾರತೀಯರನ್ನು ಸೆರೆಯಲ್ಲಿಡುವ ಕಾನೂನುಗಳು ಎರಡು ಬಗೆಯವು. ಕಳವು, ಹಲ್ಲೆ, ವಂಚನೆಯಂತಹ ಆರೋಪದ ಮೇಲೆ ಪೊಲೀಸರು ಬಂಧಿಸಿ ನ್ಯಾಯಾಲಯದ ಮುಂದೆ ನಿಲ್ಲಿಸುವುದು ಅಪರಾಧ ಪ್ರಕರಣದ ಬಂಧನ. ವೀಸಾ ಅವಧಿ ಮೀರಿದೆ, ಒಳಬಂದ ದಾರಿ ಸರಿಯಿಲ್ಲ ಎಂಬ ಕಾರಣಕ್ಕೆ, ಗಡೀಪಾರು ಮಾಡುವವರೆಗೆ ಆಡಳಿತಾಧಿಕಾರಿಗಳು ಹಿಡಿದಿಡುವುದು ವಲಸೆ ಬಂಧನ. ಹಲವೊಮ್ಮೆ ಕಟ್ಟಡವೂ ಕಾವಲುಗಾರರೂ ಒಂದೇ ಆಗಿರುವುದರಿಂದ ಹೊರಗಿನವರಿಗೆ ಇವೆರಡೂ ಒಂದೇ ಎನಿಸಬಹುದಾದರೂ, ಒಳಗಿರುವವರ ಹಕ್ಕುಗಳು ಮಾತ್ರ ಸಂಪೂರ್ಣ ಬೇರೆ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಗಂಭೀರ ಅಪರಾಧದ ಆರೋಪಿಗೆ ವಕೀಲರನ್ನಿಡುವ ಶಕ್ತಿಯಿಲ್ಲದಿದ್ದರೆ ಸರ್ಕಾರವೇ ಒದಗಿಸಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1963ರಲ್ಲಿ ತೀರ್ಮಾನಿಸಿತು. ವಾರಂಟ್ ಇಲ್ಲದೆ ಬಂಧಿಸಿದವರ ವಿಷಯವನ್ನು ಸಾಮಾನ್ಯವಾಗಿ 48 ಗಂಟೆಗಳೊಳಗೆ ನ್ಯಾಯಾಧೀಶರ ಮುಂದಿಡಬೇಕೆಂದು 1991ರಲ್ಲಿ ಹೇಳಿತು. ಆದರೆ ಗಡೀಪಾರು ಶಿಕ್ಷೆಯೇ ಅಲ್ಲವೆಂದು ಅದೇ ನ್ಯಾಯಾಲಯ 1893ರಲ್ಲಿ ಹೇಳಿದ ಮಾತು ಇಂದಿಗೂ ನಡೆಯುತ್ತಿರುವುದರಿಂದ, ವಲಸೆ ಪ್ರಕರಣದಲ್ಲಿ ವಕೀಲರನ್ನು ಸ್ವಂತ ಖರ್ಚಿನಲ್ಲಿ ಇಟ್ಟುಕೊಳ್ಳಬೇಕು, ವಿಚಾರಣೆ ನಡೆಸುವ ವಲಸೆ ನ್ಯಾಯಾಧೀಶರು ನ್ಯಾಯಾಂಗಕ್ಕಲ್ಲ, ಕಾರ್ಯಾಂಗದ ನ್ಯಾಯ ಇಲಾಖೆಗೆ ಸೇರಿದವರು, ಮತ್ತು ಕೆಲವು ವರ್ಗದವರಿಗೆ ಜಾಮೀನು ಕೇಳುವ ಅವಕಾಶವೇ ಇಲ್ಲ. ಶಿಕ್ಷೆಯಲ್ಲದ ಈ ಕ್ರಮದಡಿಯಲ್ಲಿಯೇ 2025ರ ಫೆಬ್ರವರಿ 5ರಂದು 104 ಭಾರತೀಯರನ್ನು, ಅವರಲ್ಲಿ ಹಲವರಿಗೆ ಕೈಕೋಳ, ಕಾಲುಸರಪಳಿ ತೊಡಿಸಿ, ಸೇನಾ ವಿಮಾನದಲ್ಲಿ ಅಮೃತಸರಕ್ಕೆ ಕರೆತರಲಾಯಿತೆಂಬುದು ಸಮಿತಿಗೆ ತಿಳಿದ ಸಂಗತಿ.

ಕುಟುಂಬಗಳು ದಾರಿತಪ್ಪುವುದು ಹೆಚ್ಚಾಗಿ ಒಂದು ಬಂಧನ ಮುಗಿದು ಇನ್ನೊಂದು ಆರಂಭವಾಗುವ ಹಂತದಲ್ಲಿ. ಜಾಮೀನಿನ ಹಣ ಕಟ್ಟಿದ ಮೇಲೂ, ವಲಸೆ ಇಲಾಖೆಯ ತಡೆಕೋರಿಕೆ ಬಂದಿದ್ದರೆ ಸ್ಥಳೀಯ ಜೈಲು ಆ ವ್ಯಕ್ತಿಯನ್ನು ಇನ್ನೂ 48 ಗಂಟೆಗಳವರೆಗೆ ಇಟ್ಟುಕೊಂಡು ಇಲಾಖೆಯ ವಶಕ್ಕೆ ಒಪ್ಪಿಸಬಹುದು. ಅಲ್ಲಿಂದ ಅವರನ್ನು ದೂರದ ರಾಜ್ಯದ ಕೇಂದ್ರಕ್ಕೆ ಸಾಗಿಸಿದರೆ ಜೈಲಿನ ಪಟ್ಟಿಯಲ್ಲಿ ಹೆಸರು ಸಿಗುವುದಿಲ್ಲ. ವಲಸೆ ಬಂಧಿತರನ್ನು ಹುಡುಕಲು ಅವರಿಗೆ ಕೊಟ್ಟ ವಲಸೆ ಸಂಖ್ಯೆಯಾದರೂ ಬೇಕು, ಇಲ್ಲವೇ ದಾಖಲೆಯಲ್ಲಿರುವಂತೆಯೇ ಹೆಸರು ಬರೆಯಬೇಕು. ಇನಿಷಿಯಲ್ ಮುಂದಿಟ್ಟುಕೊಂಡು ಒಂದೇ ಹೆಸರಿನಲ್ಲಿ ಬದುಕುವ ಕನ್ನಡಿಗರ ಪಾಸ್‌ಪೋರ್ಟಿನಲ್ಲಿ ಎರಡನೆಯ ಹೆಸರಿಲ್ಲದಿದ್ದರೆ, ಅಮೆರಿಕದ ದಾಖಲೆಗಳಲ್ಲಿ ಇರುವ ಒಂದೇ ಹೆಸರನ್ನು ಕುಲನಾಮದ ಜಾಗದಲ್ಲಿಟ್ಟು, ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ತಿಳಿದಿಲ್ಲ ಎಂದು ತುಂಬುವ ಪದ್ಧತಿಯಿದೆ. ಮನೆಯವರು ತಮಗೆ ಗೊತ್ತಿರುವ ಹೆಸರಿನಿಂದ ಎಷ್ಟು ಹುಡುಕಿದರೂ ಉತ್ತರ ಬಾರದಿರುವುದಕ್ಕೆ ಇಷ್ಟು ಸಾಕು.

ಸಮಿತಿಯ ಗಮನಕ್ಕೆ ಮುಖ್ಯವಾಗಿ ತರಬೇಕಾದ ವಿಷಯ ಇದಕ್ಕಿಂತ ದೊಡ್ಡದು. ಅಪರಾಧ ಪ್ರಕರಣದಲ್ಲಿ ಬಿಡುಗಡೆಯ ದಿನವನ್ನು ಅಲ್ಲಿನ ನ್ಯಾಯಾಲಯ ನಿರ್ಧರಿಸುತ್ತದೆ, ಭಾರತದ ಕಾನ್ಸುಲೇಟ್ ಹೆಚ್ಚೆಂದರೆ ನೆರವಾಗಬಹುದು; ವಲಸೆ ಬಂಧನದಲ್ಲಿ, ಗಡೀಪಾರಿನ ಆದೇಶ ಅಂತಿಮವಾದ ಮೇಲೆ, ಪಾಸ್‌ಪೋರ್ಟ್ ಇಲ್ಲದವರು ಎಷ್ಟು ದಿನ ಒಳಗಿರುತ್ತಾರೆಂಬುದು ಬಹುಮಟ್ಟಿಗೆ ಭಾರತವೇ ಕೊಡಬೇಕಾದ ಎಮರ್ಜೆನ್ಸಿ ಸರ್ಟಿಫಿಕೇಟ್ ಎಂಬ ಒಮ್ಮುಖ ಪ್ರಯಾಣಪತ್ರವನ್ನು ಅವಲಂಬಿಸಿರುತ್ತದೆ. ಆದೇಶದ ನಂತರದ ಬಂಧನ ಆರು ತಿಂಗಳು ದಾಟಿದರೆ ಅದರ ಔಚಿತ್ಯವನ್ನು ಪ್ರಶ್ನಿಸಬಹುದೆಂದು 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದರೂ, ಪತ್ರ ಬೇಗನೆ ಬರುವಂತಿದ್ದರೆ ಬಿಡುಗಡೆಯ ವಾದ ನಿಲ್ಲುವುದಿಲ್ಲ, ಅದು ಬರುವವರೆಗೆ ಸೆರೆಯೇ ಮುಂದುವರಿಯುತ್ತದೆ. ಆದ್ದರಿಂದ ರಾಷ್ಟ್ರೀಯತೆಯ ಪರಿಶೀಲನೆಗೆ, ಅಂದರೆ ಕೋರಿಕೆ ದೂತಾವಾಸ ತಲುಪಿದ ದಿನದಿಂದ ಸ್ವಂತ ಊರಿನ ಪೊಲೀಸ್ ಠಾಣೆಯ ವರದಿ ಹಿಂದಿರುಗುವವರೆಗಿನ ಪ್ರತಿ ಹಂತಕ್ಕೂ, ಲಿಖಿತ ಕಾಲಮಿತಿ ನಿಗದಿಪಡಿಸಿ, ವಿಳಂಬವಾದಾಗ ಕಾರಣವನ್ನು ಕುಟುಂಬಕ್ಕೆ ತಿಳಿಸುವಂತೆ ಸಚಿವಾಲಯಕ್ಕೆ ಶಿಫಾರಸು ಮಾಡಬೇಕೆಂದು ಮನವಿದಾರರು ಕೋರುತ್ತಾರೆ. ಆಶ್ರಯ ಕೋರಿರುವವರ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಠಾಣೆಗೆ ಕಳುಹಿಸಬಾರದೆಂಬ ಷರತ್ತೂ ಇದರೊಂದಿಗೆ ಇರಬೇಕು.

ದೂತಾವಾಸದ ಭೇಟಿಯ ಹಕ್ಕನ್ನು ಕೊಡುವ 1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿ ವಿಚಾರಣಾಧೀನ ಕೈದಿಗಳಿಗಷ್ಟೇ ಅಲ್ಲ, ಬೇರಾವುದೇ ರೀತಿಯಲ್ಲಿ ಬಂಧಿತರಾದವರಿಗೂ ಅನ್ವಯಿಸುತ್ತದೆ. ಆದರೆ ಬಂಧಿತರು ಕೇಳಿದರೆ ಮಾತ್ರ ಸುದ್ದಿ ತಲುಪಿಸಬೇಕಾದ ದೇಶಗಳ ಸಾಲಿನಲ್ಲಿ ಅಮೆರಿಕವು ಭಾರತವನ್ನು ಇಟ್ಟಿರುವುದರಿಂದ, ಕೇಳಲು ತಿಳಿಯದವರ ಸುದ್ದಿ ಬಾರದೇ ಉಳಿಯಬಹುದು. ಕಾನ್ಸುಲೇಟ್‌ಗಳು ಕರೆಗಾಗಿ ಕಾಯದೆ ಬಂಧನ ಕೇಂದ್ರಗಳಿಗೆ ನಿಯತವಾಗಿ ಭೇಟಿ ನೀಡುವುದು ಅಗತ್ಯ.

ಕೊಲ್ಲಿ ರಾಷ್ಟ್ರಗಳ ಸ್ಥಿತಿ ಕರಾವಳಿಯ ಮನೆಗಳಿಗೆ ಹೆಚ್ಚು ಪರಿಚಿತ. ಕೆಲಸ ಬಿಟ್ಟು ಓಡಿಹೋದನೆಂದು ಮಾಲೀಕನು ಕೊಡುವ, 'ಹುರೂಬ್' ಎಂದು ಕರೆಯಲಾಗುವ ದೂರು ದಾಖಲಾದರೆ, ಸೌದಿ ಅರೇಬಿಯಾದಲ್ಲಿ ದುಡಿಯುವ ಮಂಗಳೂರಿನ ಅಥವಾ ಭಟ್ಕಳದ ಕಾರ್ಮಿಕನು ಯಾವ ಅಪರಾಧದ ಆರೋಪವೂ ಇಲ್ಲದೆ ವಾಸದ ಪರವಾನಗಿ ಕಳೆದುಕೊಂಡು, 'ತರ್ಹೀಲ್' ಎಂಬ ಗಡೀಪಾರು ಕೇಂದ್ರ ಸೇರಬೇಕಾಗಬಹುದು. ಶಿಕ್ಷೆಗೊಳಗಾದವರನ್ನು ಸ್ವದೇಶದ ಜೈಲಿಗೆ ಕರೆತರಲು ಅವಕಾಶ ಕೊಡುವ 2003ರ ಕೈದಿಗಳ ಹಸ್ತಾಂತರ ಕಾಯ್ದೆ ಇಂಥವರ ನೆರವಿಗೆ ಬರುವುದಿಲ್ಲ, ಏಕೆಂದರೆ ಇವರಿಗೆ ಶಿಕ್ಷೆಯೇ ಆಗಿಲ್ಲ. 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಲ್ಲಿ ವಲಸೆ ಬಂಧಿತರ ವಕೀಲರ ಶುಲ್ಕಕ್ಕೆಂದೇ ಒಂದು ಪಾಲನ್ನು ಮೀಸಲಿಡಬೇಕು. ಸಂಸತ್ತಿಗೆ ಸಲ್ಲಿಸುವ ಅಂಕಿಅಂಶಗಳಲ್ಲಿ ಎರಡೂ ಬಗೆಯ ಬಂಧಿತರನ್ನು ಪ್ರತ್ಯೇಕವಾಗಿ ತೋರಿಸಬೇಕು.

ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ ಕರ್ನಾಟಕವೂ ವಿದೇಶಿಯರಿಗಾಗಿ ಇಂತಹದೇ ಕೇಂದ್ರವನ್ನು ಇಟ್ಟುಕೊಂಡಿದೆ. ಪರದೇಶಗಳಿಂದ ಭಾರತವು ಕೇಳುವ ಕಾಲಮಿತಿ, ವಕೀಲರ ನೆರವು ಮತ್ತು ದೂತಾವಾಸದ ಭೇಟಿ ಅಲ್ಲಿರುವವರಿಗೂ ದೊರೆಯುತ್ತಿವೆಯೇ ಎಂಬುದನ್ನು ಸಂಬಂಧಪಟ್ಟ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಯ ಗಮನಕ್ಕೆ ತರಬೇಕೆಂದೂ ವಿನಂತಿಸಲಾಗಿದೆ.

ಇಂತಿ,
ಸಹಿ ಮಾಡಿರುವ ಮನವಿದಾರರು