ಜೀನ್ಸ್ ಊರಿನ ಪಕ್ಕದಲ್ಲಿ ಒಂದು ಕೌದಿ

“ಸಂತೇಲಿ ಇನ್ನೂರು ರೂಪಾಯಿಗೆ ಫ್ರಾಕು ಸಿಗುತ್ತೆ. ಅದಕ್ಕೆ ಎರಡು ದಿನ ಕಣ್ಣು ಕಿತ್ಕೊಂಡು ಕೂಡೋದು ಯಾಕೆ?”

ಮನೆಯಲ್ಲಿ ಹೊಲಿಗೆ ಕಲಿಯೋಕೆ ಕೂತವರು ಯಾರೇ ಆಗಲಿ, ಈ ಮಾತು ಕಿವಿಗೆ ಬೀಳದೇ ಇರೋದಿಲ್ಲ. ನಮ್ಮ ಸಿರಿಗೇರಿಯಲ್ಲೂ ಅಷ್ಟೇ. ಪ್ರಶ್ನೆ ಸುಳ್ಳೇನಲ್ಲ ಬಿಡಿ. ಬಟ್ಟೆ, ದಾರ, ಲೇಸು ಎಲ್ಲ ಲೆಕ್ಕ ಹಾಕಿದ್ರೆ ಮನೆಯಲ್ಲಿ ಹೊಲಿದದ್ದೇ ಎಷ್ಟೋ ಸಲ ದುಬಾರಿ. ಹಾಗಾಗಿ “ದುಡ್ಡು ಉಳಿಯುತ್ತೆ, ಹೊಲಿಗೆ ಕಲೀರಿ” ಅಂತ ನಾನಂತೂ ಹೇಳೋದಿಲ್ಲ. ನಾನು ಹೇಳಬೇಕಂತಿರೋದು ಬೇರೆ.

ಬಳ್ಳಾರಿ ಅಂದ್ರೆ ಹೊರಗಿನವರಿಗೆ ಗಣಿ, ಬಿಸಿಲು. ನಮಗೆ ಜೀನ್ಸ್ ಕೂಡ. ಕೌಲ್ ಬಜಾರಿನ ಓಣಿಗಳಲ್ಲಿ ಹೊಲಿಗೆ ಮಿಷನ್ನಿನ ಸದ್ದು ಹೊಸದಲ್ಲ. ಆದ್ರೆ ಅಲ್ಲಿ ಕೆಲಸ ಹಂಚಿಕೊಂಡು ನಡೆಯುತ್ತೆ. ಒಬ್ಬರು ದಿನವಿಡೀ ಜೇಬು, ಇನ್ನೊಬ್ಬರು ಜಿಪ್ಪು, ಮತ್ತೊಬ್ಬರು ಬೆಲ್ಟು. ಪೀಸಿಗೆ ಇಷ್ಟು ಅಂತ ಕೂಲಿ. ಕೈ ಎಷ್ಟೇ ಚುರುಕಾಗಿ ಓಡಿದ್ರೂ ಇಡೀ ಪ್ಯಾಂಟು ಯಾರ ಕೈಯದೂ ಅಲ್ಲ! ಇದು ಆ ಕೆಲಸಗಾರರ ಮೇಲಿನ ದೂರಲ್ಲ, ಕಾರ್ಖಾನೆ ಅನ್ನೋದೇ ಹಾಗೆ. ಆದ್ರೆ ಒಂದು ವಸ್ತುವನ್ನ ಮೊದಲಿಂದ ಕೊನೆವರೆಗೆ ತಾನೇ ಮಾಡಿ, ಅದನ್ನ ಯಾರು ಹಾಕ್ಕೊಳ್ತಾರೆ ಅಂತ ಗೊತ್ತಿರೋದು ಇದೆಯಲ್ಲ, ಆ ವಿದ್ಯೆ ಬೇರೆ. ಇಷ್ಟೊಂದು ಹೊಲಿಯೋ ಜಿಲ್ಲೆಯಲ್ಲಿ ಅದೇ ಕಮ್ಮಿ ಆಗ್ತಿದೆ ಅನ್ನೋದು ನನ್ನ ಸಂಕಟ.

ಮಿಷನ್ನಿಗೇನೂ ಬರ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ತರಬೇತಿ ವೇಳೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ ನೆರವು. ಗೃಹಲಕ್ಷ್ಮಿಯ 2,000 ರೂಪಾಯಿ ಕೂಡಿಟ್ಟು ಮಿಷನ್ ಕೊಂಡವರ ಸುದ್ದಿಯನ್ನೂ ನೀವು ಓದಿರ್ತೀರಿ. ಒಳ್ಳೇದೇ. ಆದ್ರೆ ಕ್ಲಾಸಿಗೆ ಹೋದ್ರೆ ಮೊದಲು ಹೇಳಿಕೊಡೋದೇನು? ಬ್ಲೌಸು! ನಾನು ಹೋಗ್ತಿದ್ದ ಕ್ಲಾಸಿನಲ್ಲೂ ಬ್ಲೌಸು ಬಿಟ್ರೆ ಬೇರೆ ಮಾತಿರಲಿಲ್ಲ. ಬ್ಲೌಸು ಕಷ್ಟದ್ದು ಕಣ್ರೀ. ಮೈಗೆ ಸರಿಯಾಗಿ ಕೂಡಬೇಕು, ಡಾರ್ಟು ಕಾಲಿಂಚು ಆಚೀಚೆ ಆದ್ರೂ ಎದ್ದು ಕಾಣುತ್ತೆ. ಹೊಸಬರು ಅಲ್ಲೇ ಸೋತು ಕೈಬಿಡ್ತಾರೆ. ಆಮೇಲೆ ಆ ಮಿಷನ್ನು ಒಗೆದ ಬಟ್ಟೆ ಮಡಚಿಡೋ ಟೇಬಲ್ಲು ಆಗುತ್ತೆ :-)

ನನ್ನ ಕೇಳಿದ್ರೆ ಮಕ್ಕಳ ಬಟ್ಟೆಯಿಂದ ಶುರು ಮಾಡಬೇಕು. ಎಳೆ ಮಗುವಿನ ಜಬಲಾ ಅರ್ಧ ಮೀಟರಿನಲ್ಲಿ ಮುಗಿಯುತ್ತೆ. ಸಡಿಲ ಇದ್ರೂ ನಡೆಯುತ್ತೆ, ಬೆಳೆಯೋ ಮಗುವಿಗೆ ಸಡಿಲವೇ ಲೇಸು. ಆದ್ರೆ “ಚಿಕ್ಕದು ತಾನೇ” ಅಂತ ಸಸಾರ ಮಾಡಬೇಡಿ, ಅದು ಕಲಿಸೋ ಪಾಠ ದೊಡ್ಡದು. ಹುಟ್ಟಿದ ಮಗುವಿನ ತಲೆ ಅದರ ಉದ್ದದ ಕಾಲು ಭಾಗ ಇರುತ್ತೆ, ನಮ್ಮದು ಏಳೆಂಟರಲ್ಲಿ ಒಂದು ಭಾಗ. ಅಂದ್ರೆ ದೊಡ್ಡವರ ಅಳತೆ ಕುಗ್ಗಿಸಿದ್ರೆ ಮಗುವಿನ ಅಂಗಿ ಆಗೋದಿಲ್ಲ, ಕೊರಳು ತಲೆಯಲ್ಲಿ ಇಳಿಯೋದೇ ಇಲ್ಲ. ಎದೆ ಅಳತೆಗಿಂತ ಮೊದಲು ತಲೆ ಸುತ್ತಳತೆ ತಗೋಬೇಕು, ಇಲ್ಲಾ ಮುಂದೆಯೋ ಬೆನ್ನಿಗೋ ಸೀಳು ಬಿಡಬೇಕು. ಹತ್ತಿ ಬಟ್ಟೆ ಕುಗ್ಗುತ್ತೆ, ಕತ್ತರಿಸೋ ಮೊದಲೇ ನೀರಲ್ಲಿ ನೆನೆಸಿ ಒಣಗಿಸಬೇಕು. ಅಂಚಿನ ನೂಲು ಎಳೆ ಚರ್ಮಕ್ಕೆ ಚುಚ್ಚದ ಹಾಗೆ ಒಳಗೆ ಮಡಚಿ ಎರಡು ಸಲ ಹೊಲಿಯಬೇಕು. ಕಿತ್ತು ಬಾಯಿಗೆ ಹಾಕ್ಕೊಳ್ಳೋ ವಯಸ್ಸಿಗೆ ಗುಂಡಿ ಬೇಡ, ಪಕ್ಕಕ್ಕೆ ಕಟ್ಟೋ ಗಿಡ್ಡ ಕಸಿ ಸಾಕು. ಕೆಳಗಿನ ಅಂಚು ಎರಡಿಂಚು ಜಾಸ್ತಿ ಮಡಚಿಟ್ರೆ ಮುಂದಿನ ವರ್ಷ ಬಿಚ್ಚಿ ಇಳಿಸಬಹುದು. ಸಂತೆಯ ಫ್ರಾಕಿನಲ್ಲಿ ಯಾರು ಬಿಡ್ತಾರೆ ಹೇಳಿ ಆ ಎರಡಿಂಚು?

ಅಂಗಿ ಕೈಗೆ ಹತ್ತಿದ ಮೇಲೆ ಕೌದಿ. ಇದಕ್ಕೆ ಮಿಷನ್ನೇ ಬೇಡ. ನಮ್ಮ ಕಡೆ ಕೌದಿ ಗೊತ್ತಿಲ್ಲದ ಮನೆ ಇಲ್ಲ, ಹೊಲಿಯೋಕೆ ಗೊತ್ತಿರೋರು ಮಾತ್ರ ಮುದುಕಿಯರಾಗಿಬಿಟ್ಟಿದ್ದಾರೆ. ಲೆಕ್ಕ ಸುಲಭ: ಸೀರೆ ಸುಮಾರು 18 ಅಡಿ ಉದ್ದ. ಮೂರು ಮೂರು ಅಡಿಗೆ ಮಡಚಿದ್ರೆ ಆರು ಪದರ, ಒಂದು ಮಗುವಿನ ಹಾಸಿಗೆಗೆ ಸರಿಯಾಗುತ್ತೆ. ಮೊದಲು ಉದ್ದುದ್ದ ಟಾಕು ಹಾಕಿ ಪದರ ಜರುಗದ ಹಾಗೆ ಹಿಡಿಸಬೇಕು. ಮೇಲೆ ಬಣ್ಣದ ತುಂಡುಗಳನ್ನ ಕೂಡಿಸಿ, ಸಾದಾ ಹೊಲಿಗೆಯಲ್ಲಿ ಸಾಲು ಸಾಲಾಗಿ ಸಾಗಬೇಕು. ಅಷ್ಟೇ. ಒಗೆದಷ್ಟೂ ಮೆತ್ತಗಾಗುತ್ತೆ. ಆದ್ರೆ ಹತ್ತಿ ಸೀರೆಯೇ ಆಗಬೇಕು. ಈಗಿನ ಪಾಲಿಯೆಸ್ಟರ್ ಸೀರೆ ಜಾರುತ್ತೆ, ಬೆವರು ಹೀರೋದಿಲ್ಲ. ಅಂದ್ರೆ ನಮ್ಮ ತಲೆಮಾರಿನ ಸೀರೆಗಳಿಂದ ಒಳ್ಳೇ ಕೌದಿ ಆಗೋದೇ ಇಲ್ಲ. ಇರೋದು ಅಜ್ಜಿಯರ ಟ್ರಂಕಿನಲ್ಲಿ ಉಳಿದದ್ದಷ್ಟೇ. ಅದೂ ಸ್ಟೀಲ್ ಪಾತ್ರೆಯವಳು ಬಂದಾಗ ಒಂದು ಡಬರಿಗೆ ಹೋಗಿಬಿಡುತ್ತೆ.

ನಮ್ಮ ಮನೆಯ ಒಂದು ಕೌದಿಯಲ್ಲಿ ಅಜ್ಜಿಯ ಹಸಿರು ಸೀರೆ ಇದೆ, ಅಪ್ಪನ ಪಟ್ಟೆ ಪಟ್ಟೆ ಅಂಗಿ ಇದೆ, ತಮ್ಮನ ಶಾಲೆಯ ನೀಲಿ ಚಡ್ಡಿ ಇದೆ. ಅಜ್ಜಿ ಈಗಿಲ್ಲ, ಆಕೆಯ ಫೋಟೋ ಇರೋದು ಒಂದೇ, ಅದೂ ರೇಷನ್ ಕಾರ್ಡಿನದು. ನನ್ನ ಮಗಳಿಗೆ ಮುತ್ತಜ್ಜಿ ಅಂದ್ರೆ ಆ ಹಸಿರು ತುಂಡು. ಇದನ್ನ ಯಾವ ಅಂಗಡಿಯ ಬ್ಲಾಂಕೆಟ್ಟು ಕೊಡುತ್ತೆ?

ಇದು ಬರೀ ನಮ್ಮೂರಿನ ಭಾವುಕತೆ ಅನ್ಕೋಬೇಡಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯೋ ಕೌದಿ ಅಂಚಿನಿಂದ ಶುರುವಾಗಿ ಸುತ್ತುತ್ತಾ ನಡುವಿಗೆ ಬಂದು ಮುಗಿಯುತ್ತೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಹೂವು ಇಡದಿದ್ರೆ ಅವರ ಪ್ರಕಾರ ಕೌದಿ ಪೂರ್ತಿಯಾದ ಹಾಗಲ್ಲ. ಆ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಸೆಂಟರಿನಲ್ಲಿ ಪ್ರದರ್ಶನಕ್ಕೆ ಹೋಗಿದ್ದವು. ನಮ್ಮದೇ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ವೇಳೆ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನಿಸ್ ದಾಖಲೆ ಸೇರಿತು. ಅವರ ಸೂಜಿಗೆ ಜಗತ್ತು ಬೆಲೆ ಕಟ್ಟುತ್ತೆ, ನಾವು ನಮ್ಮ ಅಟ್ಟದ ಮೇಲಿನ ಕೌದಿಯನ್ನ ಟ್ರ್ಯಾಕ್ಟರ್ ಸೀಟಿಗೆ ಹಾಸ್ತೀವಿ.

ಇಲ್ಲಿ ಒಂದು ತಕರಾರು ಬರುತ್ತೆ, ಅದು ನ್ಯಾಯದ್ದೇ. “ಇದೆಲ್ಲ ಹೊಟ್ಟೆ ತುಂಬಿದವರ ಮಾತು. ನಮ್ಮವ್ವಂದಿರು ಕೌದಿ ಹೊಲಿದದ್ದು ಕಲೆಗಲ್ಲ, ಹೊದಿಯೋಕೆ ಬೇರೇನೂ ಇಲ್ಲದ್ದಕ್ಕೆ.” ನಿಜ. ಗದ್ದೆಯಲ್ಲಿ ನಾಟಿ ಹಚ್ಚಿ ಬಂದು, ಅಡುಗೆ ಮಾಡಿ, ಉಳಿದ ಬೆಳಕಿನಲ್ಲಿ ಸೂಜಿ ಹಿಡಿದವರು ಅವರು. ಆ ದುಡಿತವನ್ನ “ಸಂಸ್ಕೃತಿ” ಅಂತ ಹೆಸರಿಟ್ಟು ಮತ್ತೆ ಹೆಣ್ಮಕ್ಕಳ ತಲೆಗೇ ಕಟ್ಟೋದಾದ್ರೆ ನನಗೆ ಬೇಡವೇ ಬೇಡ. ಹಾಗಾಗಿ ನನ್ನದು ಎರಡು ಷರತ್ತು. ಒಂದು, ಗಂಡುಮಕ್ಕಳಿಗೂ ಕಲಿಸಿ. ಕೂಲಿಗಾದ್ರೆ ಬಳ್ಳಾರಿಯಲ್ಲಿ ಗಂಡಸರು ದಿನವಿಡೀ ಮಿಷನ್ ತುಳೀತಾರೆ, ಯಾರಿಗೂ ಅವಮಾನ ಇಲ್ಲ. ಮನೆಯಲ್ಲಿ ಮಗುವಿನ ಜಬಲಾ ಹೊಲಿಯೋಕೆ ಮಾತ್ರ ಯಾಕೆ ನಾಚಿಕೆ? ಎರಡು, ಕೌದಿ ಹೊಲಿಸಿದ್ರೆ ಚೌಕಾಶಿ ಮಾಡಬೇಡಿ. ದೊಡ್ಡ ಕೌದಿ ವಾರಗಟ್ಟಲೆ ಕೆಲಸ. ಕೈಗೆ ಕೈ ಹಿಡಿದು ಕಲಿಸೋ ಅಜ್ಜಿಗೂ ಫೀಸು ಕೊಡಿ, ಕಂಪ್ಯೂಟರ್ ಕ್ಲಾಸಿಗೆ ಕೊಡ್ತೀರಲ್ಲ ಹಾಗೆ.

ಮಾಡಬೇಕಾದ್ದು ಬಹಳ ಏನಿಲ್ಲ. ಮನೆಯಲ್ಲಿರೋ ಹಿರಿಯರ ಒಂದಾದ್ರೂ ಹತ್ತಿ ಸೀರೆಯನ್ನ ಪಾತ್ರೆಯವಳಿಂದ ಉಳಿಸ್ಕೊಳ್ಳಿ. ಈ ಬೇಸಿಗೆಯಲ್ಲಿ, ಗದ್ದೆ ಕೆಲಸ ಕಮ್ಮಿ ಇರೋವಾಗ, ಗೊತ್ತಿರೋರ ಪಕ್ಕ ಕೂತು ನಾಲ್ಕು ಸಾಲು ಹಾಕಿ. ಮುಗಿದ ಮೇಲೆ ಹಿಂದಿನ ಮೂಲೆಯಲ್ಲಿ ಹೊಲಿದವರ ಹೆಸರು, ಇಸವಿ ದಾರದಲ್ಲೇ ಬರೀರಿ. ನಮ್ಮಜ್ಜಿಯರು ಬರೆಯಲಿಲ್ಲ, ಎಷ್ಟೋ ಜನಕ್ಕೆ ಅಕ್ಷರ ಇರಲಿಲ್ಲ. ನಮಗಿದೆಯಲ್ಲ.

ಇನ್ನೂರು ರೂಪಾಯಿ ಫ್ರಾಕು ಮುಂದಿನ ವಾರದ ಸಂತೆಯಲ್ಲೂ ಸಿಗುತ್ತೆ. ಕೌದಿ ಗೊತ್ತಿರೋ ಅಜ್ಜಿ ಎಷ್ಟು ದಿನ ಸಿಗ್ತಾರೆ? ನೀವೇನಂತೀರಿ?